ಅಕ್ಕಿ ತೊಳೆದ ನೀರು

ಮೊಳಕಾಲ್ಮೂರಿನ ಮನೆಯನ್ನು ಅಣ್ಣ ಕೆಡವಿ ಕಟ್ಟಿಸಲು ಹೊರಟಾಗ ಹಿತ್ತಿಲೂ ಕೋಣೆಯಾಯಿತು. ಬಚ್ಚಲ ನೀರು ಹರಿಯುವ ಕಡೆ ನುಗ್ಗೆ ಮರಕ್ಕೆ ಹಬ್ಬಿದ್ದ ಎಲೆಬಳ್ಳಿ ಮರದ ಜೊತೆಗೇ ಹೋಯಿತು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ನೆಟ್ಟ ಬಳ್ಳಿ ಅದು. ನಮ್ಮ ಬಿಸಿಲಿನ ಸೀಮೆಯಲ್ಲಿ ವೀಳ್ಯದೆಲೆ ಬೆಳೆಯುವುದೆಂದರೆ ಹುಡುಗಾಟವಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ನಿಶ್ಚಿತಾರ್ಥವಾದರೂ ಎಲೆಗೆ ನಮ್ಮ ಹಿತ್ತಿಲಿಗೇ ಬರುತ್ತಿದ್ದರು. ಇನ್ನು ಮೇಲೆ ನಿಮ್ಮ ಜೊತೆಗೇ ಇರುತ್ತೇನೆಂದು ಅವ್ವ ಚಳ್ಳಕೆರೆಯ ನಮ್ಮ ಮನೆಗೆ ಬಂದಾಗ ಅವಳ ಒಂದು ಕೈಯಲ್ಲಿ ಟ್ರಂಕಿತ್ತು, ಇನ್ನೊಂದರಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕಾರು ಬಳ್ಳಿ ತುಂಡುಗಳು.

"ಇವು ಬದುಕ್ಲಿಲ್ಲ ಅಂದ್ರೆ ಆ ಬಳ್ಳಿ ಕತೆ ಮುಗೀತು ಕಣೆ," ಎಂದಳು.

ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಸಜ್ಜದ ಮೇಲೆ ಮಣ್ಣಿನ ಕುಂಡ ಇಟ್ಟರೆ ತೇವ ಇಳಿಯುತ್ತದೆಂದು ಓನರಮ್ಮನ ಕಟ್ಟಪ್ಪಣೆ. ನನಗೆ ತಲೆ ಕೆಟ್ಟುಹೋಯಿತು. ನನ್ನ ಗಂಡನಿಗೆ ಮಾತ್ರ ಹಬ್ಬವಾಯಿತು. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಈ ಮನುಷ್ಯ ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಮಣ್ಣಿಲ್ಲದ ಬೇಸಾಯ ನೋಡುವವರು. "ನೀರಲ್ಲೇ ಬೆಳೆಸೋಣ ಬಿಡ್ರಿ ಅತ್ತೆ," ಎಂದು ಆಗಲೇ ಕತ್ತರಿ ಹಿಡಿದಿದ್ದರು.

ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕಪ್ಪು ಬಟ್ಟೆ ಸುತ್ತಿದ ಬಾಟಲಿಗಳಲ್ಲಿ ತುಂಡುಗಳನ್ನು ನಿಲ್ಲಿಸಿದರು. ನಮ್ಮ ಕೊಳವೆಬಾವಿ ನೀರು ಬಾಯಿಗಿಟ್ಟರೆ ಉಪ್ಪು, ಹಾಗಾಗಿ ಕುಡಿಯಲು ತಂದ ಫಿಲ್ಟರ್ ನೀರನ್ನೇ ಬಾಟಲಿಗಳಿಗೆ ತುಂಬಿದರು. ಅವ್ವ ಬೆಚ್ಚಿಬಿದ್ದಳು. "ಕುಡಿಯೋ ನೀರು ಗಿಡಕ್ಕಾ?" ನಮ್ಮ ಕಡೆ ನೀರು ಮೊದಲು ಮನುಷ್ಯರ ಕೆಲಸಕ್ಕೆ ಬರಬೇಕು. ಅಕ್ಕಿ ತೊಳೆದದ್ದೋ ಕೈ ತೊಳೆದದ್ದೋ ಆಮೇಲೆ ಗಿಡಕ್ಕೆ. ಚೊಕ್ಕ ನೀರನ್ನು ನೇರವಾಗಿ ಬುಡಕ್ಕೆ ಸುರಿದವರನ್ನು ಅವ್ವ ಸೊಕ್ಕಿನವರೆಂದೇ ತಿಳಿದಿದ್ದಳು. ಅಳಿಯನೆದುರು ಮಾತ್ರ ಹೆಚ್ಚು ಮಾತಾಡದೆ ಸುಮ್ಮನಾದಳು.

ಗೆಣ್ಣುಗಳಲ್ಲಿ ಬಿಳಿ ಬೇರು ಇಣುಕಿದ ದಿನ ಅವಳ ಮುಖ ನೋಡಬೇಕಿತ್ತು. ಮೈಮರೆತು ತೆಲುಗಿನಲ್ಲಿ ಮುದ್ದು ಮಾಡತೊಡಗಿದಳು. ಬೈಯುವುದಕ್ಕೆ ಅವಳಿಗೆ ಕನ್ನಡ, ಮುದ್ದಿಗೆ ತೆಲುಗು. ಬೇರು ಬೆರಳುದ್ದ ಆದ ಮೇಲೆ ಗಂಡ ಸುಟ್ಟ ಮಣ್ಣಿನ ಸಣ್ಣ ಉಂಡೆಗಳನ್ನು ತಂದು, ಕೆಂಪು ನೀರು ಹೋಗುವವರೆಗೆ ತೊಳೆದು, ತೂತಿನ ಬಟ್ಟಲುಗಳಿಗೆ ತುಂಬಿದರು. ಬೇರು ಮುರಿಯದಂತೆ ಒಂದೊಂದೇ ಸಸಿ ಇಳಿಸಿ, ಸುತ್ತ ಉಂಡೆ ಸುರಿದು, ಬಟ್ಟಲುಗಳನ್ನು ಗೊಬ್ಬರದ ದ್ರಾವಣವಿದ್ದ ಬಕೆಟ್ಟುಗಳ ಮುಚ್ಚಳದಲ್ಲಿ ಕೂರಿಸಿದರು. "ಇದೂ ಮಣ್ಣೇ ಅಲ್ವೇನೆ, ನಿಮ್ಮ ಓನರಮ್ಮಂಗೆ ಕಣ್ಣು ಕಾಣಲ್ವಾ?" ಎಂದು ಅವ್ವ ನನ್ನ ಕಿವಿಯಲ್ಲಿ ಅಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಸ್ವಲ್ಪ ದಿನಕ್ಕೆ ಎಲೆಗಳು ಜೋತುಬಿದ್ದವು. ಬಕೆಟ್ಟುಗಳಿಂದ ಹುಳಿ ವಾಸನೆ ಬರುತ್ತಿತ್ತು. ಗಂಡ ಬಟ್ಟಲು ಎತ್ತಿದರೆ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿವೆ. ಬಕೆಟ್ಟಿನ ತಳದಲ್ಲಿ ಬಿಳಿ ಗಸಿ, ಅದರಲ್ಲೊಂದು ಅಕ್ಕಿ ಕಾಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ನಂದೇ ತಪ್ಪು ಅತ್ತೆ. ದ್ರಾವಣ ಜಾಸ್ತಿ ಹಾಕ್ಬಿಟ್ಟೆ," ಎಂದರು ಗಂಡ. ಒಳ್ಳೆಯ ಮನುಷ್ಯ ಎಂದುಕೊಂಡೆ. ಅವ್ವ ಕಣ್ಣೊರೆಸಿಕೊಂಡು ಅವರನ್ನೇ ಸಮಾಧಾನ ಮಾಡಿದಳು. "ಹೋಗ್ಲಿ ಬಿಡಪ್ಪ, ಬೇಕಂತ ಮಾಡಿದ್ದಾ? ಇನ್ನೂ ಒಂದು ಐತಲ್ಲ."

ಹೌದು, ಒಂದೇ ಒಂದರ ಬೇರಿನ ತುದಿಯಲ್ಲಿ ಬಿಳುಪು ಉಳಿದಿತ್ತು. ಅದನ್ನು ತೊಳೆದು, ಬೇರೆ ಬಕೆಟ್ಟಿಗೆ ಹೊಸ ನೀರು ಹಾಕಿ ಕೂರಿಸಿದೆವು. ನಮ್ಮ ಜಾಣತನಕ್ಕೆ ನಾವೇ ಹಿಗ್ಗಿಕೊಂಡು ಮಲಗಿದೆವು.

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಆ ಬಕೆಟ್ಟಿನ ಮುಚ್ಚಳ ತೆಗೆದು ಅಕ್ಕಿ ತೊಳೆದ ನೀರಿನ ಪಾತ್ರೆ ಬಗ್ಗಿಸುತ್ತಿದ್ದಾಳೆ! ಆಗಲೇ ಒಂದಿಷ್ಟು ಬಿದ್ದಿತ್ತು.

"ಅವ್ವಾ! ಏನ್ ಮಾಡ್ತಿದೀಯಾ?"

"ಕೂಗ್ಬ್ಯಾಡ, ಅಳಿಯಂದ್ರು ಕೇಳಿಸ್ಕೊಂಡ್ರೆ ನೊಂದ್ಕಂತಾರೆ. ಅವ್ರು ಹಾಕಿದ ಗೊಬ್ಬರದ ಉಪ್ಪು ಬೇರಲ್ಲಿ ಕುಂತಿರ್ತೈತೆ. ಇದು ತಂಪು, ತೊಳಕಂಡು ಹೋಗ್ತೈತೆ."

ನನ್ನ ಪಿತ್ತ ನೆತ್ತಿಗೇರಿತು. "ಉಪ್ಪೂ ಇಲ್ಲ, ಗಿಪ್ಪೂ ಇಲ್ಲ! ನಿನ್ನ ಅಕ್ಕಿ ನೀರಿಗೇ ಬೇರು ಕೊಳೆತಿದ್ದು. ಮಣ್ಣಾದ್ರೆ ಅದನ್ನ ಅರಗಿಸ್ಕೊಳ್ಳುತ್ತೆ. ಬಕೆಟ್ಟಲ್ಲಿ ನಿಂತು ಹುಳಿ ಬರುತ್ತೆ. ನೀನು ನೊಂದ್ಕೋತೀಯ ಅಂತ ಅವರು ಸುಳ್ಳು ಹೇಳಿದ್ರು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವ ಪಾತ್ರೆ ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿದ್ದದ್ದು ಸಿಟ್ಟು.

"ನಿನ್ನೆನೇ ಹೇಳಾಕೆ ಏನಾಗಿತ್ತು ನಿಂಗೆ? ಈಗ ಇದೂ ಹೋಗಿದ್ರೆ? ತಪ್ಪು ಮಾಡಿದ್ರೆ ಮನೆಯೋರ್ನ ಬೈಯಲ್ವಾ? ಬೈಯದಂಗೆ ನೋಡ್ಕಳಾಕೆ ನಾನೇನು ನೆಂಟ್ರು ಮನೆಗೆ ಬಂದಿದೀನಾ?"

ಬಂದ ದಿನದಿಂದ ಅವಳಿಗೆ ನೋವಾಗಬಾರದೆಂದು ನಾವು ನೋಡಿಕೊಂಡಿದ್ದೇನೋ ನಿಜ. ಅದು ಅವಳಿಗೆ ಹೀಗೆ ಕಂಡೀತೆಂದು ನಾನು ಎಣಿಸಿರಲಿಲ್ಲ. ಅಷ್ಟು ಹೊತ್ತಿಗೆ ಅವ್ವ ಬಕೆಟ್ಟನ್ನು ಬಗ್ಗಿಸಿ ಖಾಲಿ ಮಾಡಿ, ಬಳ್ಳಿಯನ್ನು ಬಟ್ಟಲು ಸಮೇತ ಅಂಗೈಯಲ್ಲಿ ಹಿಡಿದು ಕೂತಿದ್ದಳು.

"ಕಂಬದಂಗೆ ನಿಂತ್ಕಂಡು ಏನ್ ನೋಡ್ತೀಯೇ? ಆ ಕುಡಿಯೋ ನೀರು ತಗಂಬಾ, ಬೇಗ!"

ಈ ಮನೆಗೆ ಬಂದ ಮೇಲೆ ಅವ್ವ ನನಗೆ ಹೇಳಿದ ಮೊದಲ ಕೆಲಸ ಅದು. ಓಡಿದೆ.