ರುದ್ರಮುನಿಯ ಕಾರಿಗೆ ಯಾವ ಪೆಟ್ರೋಲು

ನನ್ನ ತಮ್ಮ ರುದ್ರಮುನಿ ಮಧುಗಿರಿಯಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವನು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಗಾಡಿಯ ರೋಗ ಹೇಳಿಬಿಡುತ್ತಿದ್ದ. ನಮ್ಮಪ್ಪನೂ ಹಾಗೇ, ಎಮ್ಮೆಯ ಹೊಟ್ಟೆಗೆ ಕಿವಿಯಿಟ್ಟು ಕರು ಯಾವಾಗ ಹುಟ್ಟುತ್ತದೆಂದು ಹೇಳುತ್ತಿದ್ದ. ಅದಿರಲಿ, ನಾನು ಹೇಳಿದ್ದನ್ನು ಬರೆದುಕೊಳ್ಳುವವಳು ನೀನು, ಕಾರಿನ ವಿಷಯ ಬರೀ ತಾಯಿ.

ತನ್ನ ಮೊಮ್ಮಗಳು ಭುವನಾಳನ್ನು ಪಾವಗಡದಾಚೆಯ ರಾಯಚರ್ಲಿನ ಗಂಡನ ಮನೆಗೆ ತನ್ನ ಹಳೇ ಫಿಯೆಟ್ಟಿನಲ್ಲೇ ಕಳಿಸಬೇಕೆಂದು ಅವನ ಹಟ. ನಮ್ಮ ಮನೆತನದಲ್ಲಿ ಮನೆ ತುಂಬಲು ಹೊರಟ ಹೆಣ್ಣು ಅತ್ತೆಮನೆ ಬಾಗಿಲ ತನಕ ನೆಲಕ್ಕೆ ಕಾಲಿಡುವಂತಿಲ್ಲ. ಗಾಡಿ ದಾರಿಯಲ್ಲಿ ಕೆಟ್ಟರೆ ಮೆಕ್ಯಾನಿಕ್ಕನ್ನು ಯಾರೂ ಬಯ್ಯುವುದಿಲ್ಲ, ಹುಡುಗಿಯ ಕಾಲ್ಗುಣ ಅನ್ನುತ್ತಾರೆ. ಅವಳು ಮುದುಕಿಯಾಗುವ ತನಕ ಅನ್ನುತ್ತಾರೆ.

ಇವನೋ, ಮದುವೆಗೆಂದು ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್ಡನ್ನು, ಲೇತ್ ಅಂಗಡಿಯಲ್ಲಿ ಉಜ್ಜಿಸಿದ್ದ. ಸ್ವಲ್ಪ ಹೆಚ್ಚೇ ಉಜ್ಜಿ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಏರಿತ್ತು. ಓಡಿಸಿ ನೋಡೋಣವೆಂದು ಇಬ್ಬರೂ ಬಡವನಹಳ್ಳಿ ಕಡೆ ಹೋದೆವು. ಏರಿನಲ್ಲಿ, ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದಂಥ ಸದ್ದು.

"ಮುನಿ, ಅದೇನೋ ಕಟಕಟ ಅಂತೈತೆ."

"ಯಾವ್ದು? ಏನೂ ಇಲ್ವಲ್ಲಕ್ಕ."

ಆಗಲೇ ನನಗೆ ತಿಳಿದದ್ದು. ಮಾತು ಕೇಳುತ್ತಿತ್ತು, ಸಣ್ಣ ಸದ್ದು ಅವನ ಕಿವಿಗೆ ಬೀಳುತ್ತಿರಲಿಲ್ಲ.

ಗಾಡಿ ನಿಲ್ಲಿಸಿ, ಸದ್ದು ಹೇಗಿತ್ತೆಂದು ನನ್ನನ್ನು ಕೇಳಿದ. ಆಮೇಲೆ ಅದು ನಾಕಿಂಗ್ ಅಂದ. ಮುಹೂರ್ತಕ್ಕೆ ಮೊದಲೇ ತಾಳಿ ಕಟ್ಟಿದಂತೆ, ಕಿಡಿಯ ಉರಿ ಮುಟ್ಟುವ ಮೊದಲೇ ಪೆಟ್ರೋಲು ತಾನೇ ಹೊತ್ತಿಕೊಳ್ಳುತ್ತದಂತೆ; ಹಾಗೇ ಓಡಿಸಿದರೆ ಪಿಸ್ಟನ್ ತೂತು. ಮಾಮೂಲಿ ಪೆಟ್ರೋಲಿನ ಆಕ್ಟೇನ್ ನಂಬರು ತೊಂಬತ್ತೊಂದು, ಈ ಒತ್ತಡ ತಡೆಯದು. ತೊಂಬತ್ತೈದೋ ನೂರೋ ಬೇಕು. ನಂಬರು ಹೆಚ್ಚಾದರೆ ಬಲ ಬರುವುದಿಲ್ಲ, ಬೇಗ ಹೊತ್ತಿಕೊಳ್ಳದ ತಾಳ್ಮೆ ಬರುತ್ತದೆ ಅಷ್ಟೆ. ಎಷ್ಟು ಸಾಕೆಂದು ಸದ್ದು ಕೇಳಿಯೇ ತಿಳಿಯಬೇಕು.

"ಕಿವಿ ವಿಷ್ಯ ಯಾರ್ಗೂ ಹೇಳ್ಬ್ಯಾಡ ಕಣಕ್ಕ. ನೀನೇ ಕೇಳ್ಬುಟ್ಟು ಹೇಳು," ಅಂದ.

ನಿಧಾನವಾಗಿ ತುಮಕೂರಿಗೆ ಹೋಗಿ ತೊಂಬತ್ತೈದು ತುಂಬಿಸಿದ. ಆ ಬಂಕಿನಲ್ಲಿ ನೂರು ಇರಲಿಲ್ಲ.

ಹೊರಟ ದಿನ ನಾನು ಮುಂದೆ ಕೂತೆ. ಸದ್ದು ಬಂದರೆ ಅವನ ಮೊಣಕಾಲು ಒತ್ತಬೇಕೆಂದು ಮಾತಾಗಿತ್ತು. ಪಾವಗಡ ದಾಟಿದ ಮೇಲಿನ ಏರಿನಲ್ಲಿ ಏನೋ ಕಿಣಿಕಿಣಿ. ಇಂಜಿನ್ನೋ, ಹಿಂದೆ ಕೂತ ಹುಡುಗಿಯ ಬಳೆಯೋ ತಿಳಿಯಲಿಲ್ಲ.

"ಬಳೆ ಗಟ್ಟಿಯಾಗಿ ಹಿಡ್ಕಳೇ ಭುವನಾ," ಅಂದೆ. ಅವಳು ಹೆದರಿ ಎರಡೂ ಕೈಯ ಬಳೆ ಅದುಮಿ ಹಿಡಿದು ಕೂತಳು. ಬಳೆ ನಿಂತಿತು, ಬೀಜದ ಸದ್ದು ಉಳಿಯಿತು, ಸಣ್ಣಗೆ. ಮೊಣಕಾಲು ಒತ್ತಿದೆ. ಅವನು ಪೆಡಲಿನಿಂದ ಕಾಲು ಸಡಿಲಿಸಿ ಗೇರ್ ಇಳಿಸಿದ. ಉಸಿರು ಬಿಗಿಹಿಡಿದು ಕೇಳಿದೆ. ಸದ್ದಿಲ್ಲ. ಮಿಕ್ಕ ಏರನ್ನೆಲ್ಲ ಎತ್ತಿನಗಾಡಿಯಂತೆ ಹತ್ತಿದೆವು. ನನ್ನ ಕೈ ಮಾತ್ರ ಅವನ ಮೊಣಕಾಲಿನಿಂದ ಏಳಲಿಲ್ಲ.

ರಾಯಚರ್ಲಿನಲ್ಲಿ ಬೀಗಿತ್ತಿ ಆರತಿ ತಂದಳು. ಭುವನಾ ಇಳಿದು ಹೊಸ್ತಿಲು ದಾಟಿದಳು. ಇಂಜಿನ್ ಇನ್ನೂ ಓಡುತ್ತಲೇ ಇತ್ತು. ರುದ್ರಮುನಿ ನನ್ನ ಮುಖ ನೋಡಿದ. ಸದ್ದಿಲ್ಲವೆಂದು ನಾನು ತಲೆಯಾಡಿಸಿದ ಮೇಲೆ ಕೀಲಿ ತಿರುಗಿಸಿ ಆರಿಸಿದ.