ಇಬ್ಬರ ಹೆಸರಿನ ಮನೆ

ಗಂಡ ತೀರಿಹೋದ ಮೇಲೆ ಆ ದರ್ಜಿ ಹೆಂಗಸು ತವರಿಗೆ ಹೋಗುತ್ತಾಳೆಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಹೋಗಲಿಲ್ಲ. ಪ್ರಿಂಟಿಂಗ್ ಪ್ರೆಸ್ಸೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಅತ್ತೆಯ ಜೊತೆಗೇ ಉಳಿದಳು. ಕೆಳಗೆ ಯಂತ್ರ ಓಡಿದರೆ ಮೇಲೆ ಪಾತ್ರೆಗಳು ನಡುಗುತ್ತಿದ್ದವು. ಸೊಸೆ ಶಾಲೆಯ ಯೂನಿಫಾರ್ಮ್ ಹೊಲಿದಳು, ಅತ್ತೆ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಂಡರು. ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು ಕಡೆಗೂ ಒಂದು ಸಣ್ಣ ಫ್ಲಾಟಿನ ಮುಂಗಡಕ್ಕೆ ಸಾಕಾಯಿತು. ಉಳಿದದ್ದಕ್ಕೆ ಬ್ಯಾಂಕು ಸಾಲ ಒಪ್ಪಿತು.

ಮುಂಗಡ ಕಟ್ಟಲು ಹೋದಾಗ ಬಿಲ್ಡರ್ ಆಫೀಸಿನ ಗುಮಾಸ್ತ ಕೇಳಿದ, “ಮನೆ ಯಾರ ಹೆಸರಿಗೆ?”

“ಇವಳ ಹೆಸರಿಗೇ ಬರ್ಕೊಳ್ಳಪ್ಪ,” ಎಂದರು ಅತ್ತೆ. “ನಾನು ಇವತ್ತೋ ನಾಳೆಯೋ.”

“ಆಗಲ್ಲ. ಇಬ್ಬರ ಹೆಸರೂ ಬರೀರಿ,” ಎಂದಳು ಸೊಸೆ.

“ಯಾಕೇ ಹಟ ಮಾಡ್ತೀಯ?”

“ಅತ್ತೆ, ನಂಗೆ ಸಿಟ್ಟು ಮೂಗಿನ ತುದೀಲೇ ಇರತ್ತೆ, ನಿಮಗೆ ಗೊತ್ತಲ್ಲ. ಯಾವತ್ತಾದ್ರೂ ಜಗಳ ಆಡುವಾಗ ‘ಇದು ನನ್ನ ಮನೆ’ ಅಂದ್ಬಿಟ್ರೆ? ಆ ಮಾತು ನನ್ನ ಬಾಯಲ್ಲಿ ಬರೋಕೇ ಆಗಬಾರ್ದು.”

“ಜಗಳ ಅಂತೂ ಗ್ಯಾರಂಟಿ ಅನ್ನು,” ಎಂದು ಅತ್ತೆ ನಕ್ಕುಬಿಟ್ಟರು. ಗುಮಾಸ್ತನೂ ನಗುತ್ತಲೇ ಇಬ್ಬರ ಹೆಸರನ್ನೂ ಬರೆದುಕೊಂಡ.

ಅಲ್ಲಿಂದ ನೇರವಾಗಿ ಕಟ್ಟಡ ನೋಡಲು ಹೋದರು. ಮಂಡಿನೋವನ್ನೂ ಲೆಕ್ಕಿಸದೆ ಅತ್ತೆ ಮೂರನೇ ಮಹಡಿ ಹತ್ತಿದರು. ಅವರ ಫ್ಲಾಟಿನಲ್ಲಿ ಗಾರೆಯವನು ಅಡುಗೆಮನೆಯ ಗೋಡೆಗೆ ಸಿಮೆಂಟು ಮೆತ್ತುತ್ತಿದ್ದ.

“ಯಾರು ಬೇಕಿತ್ತಮ್ಮಾ?” ಎಂದು ಕೇಳಿದ.

ಅತ್ತೆ ಸೊಸೆಯ ಹೆಗಲು ಹಿಡಿದು ಬೆನ್ನು ನೆಟ್ಟಗೆ ಮಾಡಿ ನಿಂತರು. “ನಾವು ಈ ಮನೆಯೋರು ಕಣಪ್ಪ,” ಎಂದರು. “ಆ ಮೂಲೆ ಸ್ವಲ್ಪ ನುಣ್ಣಗೆ ಮಾಡು.”