ಊಟದ ಮೇಜಿನ ಹಳದಿ ಬಲ್ಬು

ನಾನು ಹನ್ನೊಂದು ವರ್ಷದವಳಾಗಿದ್ದ ಆ ದಿನಗಳಲ್ಲಿ, ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ನಮ್ಮ ಮನೆಗೆ ಡಿಸೆಂಬರಿನ ಸೂರ್ಯ ಬರುತ್ತಿದ್ದುದೇ ಅಪರೂಪ. ಬಂದರೂ ಶೂ ಬಿಚ್ಚದ ನೆಂಟನ ಹಾಗೆ ಬಾಗಿಲಲ್ಲೇ ಮುಖ ತೋರಿಸಿ ಹೋಗುತ್ತಿದ್ದ. ಆ ಚಳಿಗಾಲ ನಮ್ಮ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದವನು ಸುಹಾಸಣ್ಣ. ಧಾರವಾಡದಿಂದ ಇಂಜಿನಿಯರಿಂಗ್ ಓದಲು ಬಂದವನಿಗೆ ಸಿನಿಮಾ ಹುಚ್ಚು ಹಿಡಿದಿತ್ತು. ಮೂರು ನಿಮಿಷದ ಚಿತ್ರವೊಂದನ್ನು ಸೋಮವಾರದೊಳಗೆ ಕಳಿಸಿದರೆ ಮಾತ್ರ ಸಿನಿಮಾ ಕಲಿಸುವ ಶಾಲೆಯವರು ಅವನ ಅರ್ಜಿ ನೋಡುತ್ತಿದ್ದರು. ಅವನ ಬಳಿ ಹಳೆಯದೊಂದು ಕ್ಯಾಮೆರಾ ಇತ್ತು, ಲೈಟು ಒಂದೂ ಇರಲಿಲ್ಲ. ನಾಯಕಿ ನಾನೇ.

"ಮನ್ಯಾಗ ಇದ್ದ ಬೆಳಕಿನ್ಯಾಗ ತಗೀಬೇಕು, ಅದರಾಗ ಮಜಾ ಐತಿ," ಎನ್ನುತ್ತಿದ್ದ. ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಿನಲ್ಲಿ ನನ್ನನ್ನು ನಿಲ್ಲಿಸಿದ. ಅಮ್ಮಿ, ಅಂದರೆ ನನ್ನ ತಾಯಿ, ಬಿರಿಯಾನಿ ಬಡಿಸುವ ದೊಡ್ಡ ಸ್ಟೀಲ್ ತಟ್ಟೆಯನ್ನು ಕಿಟಕಿಗೆ ಹಿಡಿದು, ಬೆಳಕನ್ನು ನನ್ನ ಕೆನ್ನೆಗೆ ತಿರುಗಿಸಿದ. ಬಿಡುವು ಸಿಕ್ಕಾಗ ನಾನು ಅದೇ ತಟ್ಟೆಯಿಂದ ಎದುರು ಮನೆಯ ಬೆಕ್ಕಿನ ಮುಂದೆ ಬೆಳಕು ಕುಣಿಸುತ್ತಿದ್ದೆ. ತಟ್ಟೆಗೆ ಹುರಿದ ಈರುಳ್ಳಿಯ ವಾಸನೆ ಇರುತ್ತಿತ್ತು.

ಶನಿವಾರ ಸಂಜೆ ಕೊನೆಯ ದೃಶ್ಯ ಅರ್ಧ ಆಯಿತು. ನಾನು ಊಟದ ಮೇಜಿನಲ್ಲಿ ಯಾರಿಗೋ ಕಾಯುತ್ತಾ ಕೂರಬೇಕು, ಹಿಂದೆ ಕಿಟಕಿಯ ನೀಲಿ ಬೆಳಕು, ತಲೆಯ ಮೇಲೆ ಹಳದಿ ಬಲ್ಬು. ಅಷ್ಟನ್ನು ಕ್ಯಾಮೆರಾದಲ್ಲಿ ನೋಡಿದ ಅಮ್ಮಿಗೆ ಸಂಕಟವಾಯಿತು.

"ಏನಪ್ಪಾ ಇದು, ನಮ್ಮನೇಲಿ ಕರೆಂಟ್ ಹೋದಂಗಿದೆ! ನೋಡಿದೋರು ಏನಂದ್ಕೋತಾರೆ?"

ನೆಂಟರು ಬಂದರೆ ಮನೆಯ ಅಷ್ಟೂ ಲೈಟು ಹಾಕುವವಳು ಅವಳು. ಹಾಗೆ ಮಾಡದಿದ್ದರೆ ಬಂದವರಿಗೆ ಅವಮಾನ ಎಂದೇ ಅವಳ ಲೆಕ್ಕ.

ಭಾನುವಾರ ನಾಲ್ಕು ಗಂಟೆಗೆ ಸುಹಾಸಣ್ಣ ಕ್ಯಾಮೆರಾ ಹಿಡಿದು ಕೆಳಗಿಳಿದ. ಮೇಜಿನ ಮೇಲೆ ಕಣ್ಣು ಕೋರೈಸುವ ಬಿಳಿ ಬಲ್ಬು ಉರಿಯುತ್ತಿತ್ತು.

"ಆಂಟಿ, ಆ ಹಳದಿ ಬಲ್ಬ್ ಎಲ್ಲೈತ್ರಿ?"

"ಅದಾ? ಹೊಸದು ತರೋವಾಗ, ಅಂಗಡೀಲಿ ಹಳೇ ಬಲ್ಬು ಹಾಕೋ ಡಬ್ಬಿ ಇರುತ್ತಲ್ಲ, ಅದಕ್ಕೆ ಹಾಕ್ಬಿಟ್ಟೆ. ಈಗ ನೋಡು, ಎಷ್ಟು ಚೆನ್ನಾಗಿದೆ!"

ನಿನ್ನೆಯ ಅರ್ಧದಲ್ಲಿ ನನ್ನ ಮುಖ ಹಳದಿ, ಇಂದಿನ ಅರ್ಧದಲ್ಲಿ ಸುಣ್ಣ ಬಳಿದಂತೆ ಬಿಳಿ. ಕಿಟಕಿಯ ಬೆಳಕು ಉಳಿದಿದ್ದುದು ಇಪ್ಪತ್ತೇ ನಿಮಿಷ, ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕತ್ತಲು. ಅವನು ಬೈಯಲಿಲ್ಲ. "ಹೋಗ್ಲಿ ಬಿಡ್ರಿ," ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬೈದಿದ್ದರೇ ಅಮ್ಮಿಗೆ ಚೆನ್ನಾಗಿತ್ತು.

ಅವಳ ಮುಖ ಸಣ್ಣದಾಯಿತು. ಮರುಗಳಿಗೆಯೇ ಒಳಗೆ ಓಡಿ ತನ್ನ ಸಾಸಿವೆ ಬಣ್ಣದ ದುಪಟ್ಟಾ ತಂದು, ಕುರ್ಚಿ ಹತ್ತಿ, ಎರಡೂ ಕೈಯಲ್ಲಿ ಅದನ್ನು ಬಲ್ಬಿನ ಕೆಳಗೆ ಅಗಲವಾಗಿ ಹಿಡಿದಳು.

"ಈಗ ನೋಡಪ್ಪ, ಬಣ್ಣ ಸರಿ ಬಂತಾ?"

ಸುಹಾಸಣ್ಣ ಎದ್ದು ಕ್ಯಾಮೆರಾದಲ್ಲಿ ನೋಡಿದ. "ಇನ್ನೊಂದು ಮಡಿಕಿ ಹಾಕ್ರಿ... ಹಾಂ, ಬಂತು ನೋಡ್ರಿ! ಹಂಗ ಹಿಡೀರಿ!"

ತಲೆಯ ಮೇಲೆ ಚಪ್ಪರದಂತೆ ನಿಂತ ಅಮ್ಮಿಯನ್ನು ನೆನೆದರೇ ನನಗೆ ನಗು. ನಕ್ಕು ನಕ್ಕು ನಾಲ್ಕು ಸಲ ದೃಶ್ಯ ಕೆಡಿಸಿದೆ.

"ನಗಬೇಡ ಕಣೇ, ಕೈ ಬಿದ್ದುಹೋಗ್ತಿದೆ," ಎಂದು ಮೇಲಿನಿಂದ ಬೈದವಳು ತಾನೇ ಕಿಸಕ್ಕನೆ ನಕ್ಕಳು. ಐದನೆಯ ಸಲ ಆಯಿತು. ಕಿಟಕಿ ಕಪ್ಪಾಯಿತು.

ಅವನಿಗೆ ಸೀಟು ಸಿಕ್ಕಿತು. ಈಗ ಆಮ್ಸ್ಟರ್‌ಡ್ಯಾಮ್‌ನಲ್ಲಿ ವ್ಯಾನ್ ತುಂಬ ಲೈಟು ಇಟ್ಟುಕೊಂಡು ಚಿತ್ರ ತೆಗೆಯುತ್ತಾನೆ. ಅಮ್ಮಿ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಅವನು ಆ ಹಳೆಯ ಚಿತ್ರವನ್ನು ನನಗೆ ಕಳಿಸಿದ. ಅದರಲ್ಲಿ ಅಮ್ಮಿ ಎಲ್ಲಿಯೂ ಇಲ್ಲ. ಕೊನೆಯಲ್ಲಿ ನನ್ನ ಮುಖದ ಮೇಲಿನ ಬೆಳಕು ಮಾತ್ರ ಸ್ವಲ್ಪ ನಡುಗುತ್ತದೆ. ಅಂದು ನಾನು ನಗದೆ ಒಂದೇ ಸಲಕ್ಕೆ ಮುಗಿಸಿದ್ದರೆ ಪಾಪ, ಅವಳ ಕೈ ನೋಯುತ್ತಿರಲಿಲ್ಲ ಎನ್ನಿಸುತ್ತದೆ. ಆದರೆ ಮುಗಿಸಿದ್ದರೆ ಅವಳು ಅಷ್ಟು ಬೇಗ ಕುರ್ಚಿಯಿಂದ ಇಳಿದುಬಿಡುತ್ತಿದ್ದಳು.